ಒಬ್ಬಳೇ ಹೊರಟರೆ ಕಾಣುವ ಕಾಸರಗೋಡು

ಮಂಗಳೂರು ಸೆಂಟ್ರಲ್‌ನಿಂದ ಹೊರಟ ಪ್ಯಾಸೆಂಜರ್ ರೈಲು ನೇತ್ರಾವತಿ ಸೇತುವೆ ದಾಟಿ ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆ ಎಂದು ನಿಂತು ನಿಂತು ಕಾಸರಗೋಡು ತಲುಪುತ್ತದೆ. ಐವತ್ತು ಕಿ.ಮೀ. ಕೂಡ ಇಲ್ಲದ ದಾರಿ. ಮದುವೆ, ಆಸ್ಪತ್ರೆ, ಕಾಲೇಜು, ಜವಳಿ ಅಂಗಡಿ ಎಂದು ಗಡಿಯ ಈಚೆಯ ನಾವೆಲ್ಲ ಈ ದಾರಿಯಲ್ಲಿ ಎಷ್ಟು ಸಲ ಹೋಗಿ ಬಂದಿದ್ದೇವೆಂದು ಲೆಕ್ಕ ಇಟ್ಟವರಿಲ್ಲ. ಆದರೆ ಯಾವ ಕೆಲಸವೂ ಇಲ್ಲದೆ, ಜತೆಗೆ ಯಾರೂ ಇಲ್ಲದೆ, ಸುಮ್ಮನೆ ನೋಡಿ ಬರುವಾ ಎಂದು ಈ ರೈಲು ಹತ್ತಿದ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು? ನಾನು ಹತ್ತಿದ್ದು ಐವತ್ತಾರನೆಯ ವಯಸ್ಸಿನಲ್ಲಿ, ಶಾಲೆಯಿಂದ ನಿವೃತ್ತಿಯಾದ ಮೇಲೆ.

"ಒಬ್ಬಳೇ ಹೋಗುದಾ? ಎಂತಕ್ಕೆ?" ಎಂದು ಕೇಳದವರಿಲ್ಲ. ಮನೆಯವರಿಗೆ ತೋಟ ಬಿಟ್ಟು ಬರುವ ಹಾಗಿಲ್ಲ. ಅಡಿಕೆಗೆ ನೀರು ಬಿಡುವುದು, ದನಕ್ಕೆ ಹುಲ್ಲು, ಮಧ್ಯಾಹ್ನ ಒಂದು ನಿದ್ರೆ. ಇಷ್ಟಾದರೆ ಅವರಿಗೆ ಪ್ರಪಂಚ ಸಾಕು. "ನಿನಗೆ ಹೋಗಬೇಕೂಂತ ಇದ್ರೆ ಹೋಗಿ ಬಾ, ನನ್ನನ್ನು ಕರೀಬೇಡ" ಎಂದರು. ಅಪ್ಪಣೆಯೂ ಅದೇ, ಆಶೀರ್ವಾದವೂ ಅದೇ. ತಿಂಗಳಿಗೊಂದು ದಿನ, ಬಸ್ಸು ಅಥವಾ ರೈಲು ಮಾತ್ರ, ದೀಪ ಹಚ್ಚುವ ಹೊತ್ತಿಗೆ ಮನೆಗೆ. ಹೀಗೆ ನನಗೆ ನಾನೇ ನಿಯಮ ಹಾಕಿಕೊಂಡೆ.

ಮೊದಲ ಸಲ ಇಳಿದದ್ದು ಮಂಜೇಶ್ವರದಲ್ಲಿ. ರಾಷ್ಟ್ರಕವಿ ಗೋವಿಂದ ಪೈಗಳ ಮನೆ, ಅವರ ಕವನ ಸಂಕಲನದ ಹೆಸರೇ ಇಟ್ಟ 'ಗಿಳಿವಿಂಡು' ಸ್ಮಾರಕ ನನಗೆ ಹೊಸದಲ್ಲ. ಶಾಲೆಯಲ್ಲಿದ್ದಾಗ ಮಕ್ಕಳನ್ನು ಕರೆದುಕೊಂಡು ಅದೆಷ್ಟು ಸಲ ಹೋಗಿದ್ದೆನೋ. ಆದರೆ ಆಗೆಲ್ಲ ನಾನು ನೋಡಿದ್ದು ಮಕ್ಕಳ ತಲೆಗಳನ್ನು. ಬಸ್ ಹತ್ತುವಾಗ ಎಣಿಸಬೇಕು, ಇಳಿಯುವಾಗ ಎಣಿಸಬೇಕು, ಊಟಕ್ಕೆ ಕೂರಿಸಿ ಎಣಿಸಬೇಕು. ಈ ಸಲ ಎಣಿಸಲಿಕ್ಕೆ ಯಾರೂ ಇಲ್ಲ. 1883ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ, ಅಷ್ಟೊಂದು ಭಾಷೆ ಬಲ್ಲ ಮನುಷ್ಯ ದೊಡ್ಡ ಪಟ್ಟಣಕ್ಕೆ ಹೋಗದೆ ಇಲ್ಲೇ ಕುಳಿತು ಬರೆದರಲ್ಲ ಎಂಬ ಯೋಚನೆ ಅಷ್ಟು ವರ್ಷ ಪಾಠ ಮಾಡಿದ ನನಗೆ ಅವತ್ತು ಬಂತು. ಅಂಗಳದಲ್ಲಿ ಬಹಳ ಹೊತ್ತು ಕೂತಿದ್ದೆ. ಗಂಟೆ ನೋಡಿಕೊಳ್ಳಲಿಲ್ಲ.

ಎರಡನೆಯ ಸಲ ಅನಂತಪುರ. ಕುಂಬಳೆಯಿಂದ ಬದಿಯಡ್ಕ ರಸ್ತೆಯಲ್ಲಿ ನಾಯ್ಕಾಪಿನಲ್ಲಿ ಇಳಿದು ಒಳಗೆ ನಡೆಯಬೇಕು. ಮುರಕಲ್ಲಿನ ಬೋಳು ಗುಡ್ಡದ ನಡುವೆ ಕೆರೆ, ಕೆರೆಯ ನಡುವೆ ಗುಡಿ. ತಿರುವನಂತಪುರದ ಅನಂತಪದ್ಮನಾಭನಿಗೆ ಇದೇ ಮೂಲಸ್ಥಾನ ಎಂಬುದು ನಂಬಿಕೆ. ಕೆರೆಯ ಮೊಸಳೆ ಬಬಿಯ 2022ರ ಅಕ್ಟೋಬರದಲ್ಲಿ ಸತ್ತಾಗ ನಮ್ಮೂರ ಕಡೆ ಮನುಷ್ಯರು ಹೋದ ಹಾಗೆ ದುಃಖಪಟ್ಟರು. 2023ರ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಕೆರೆಯ ದಂಡೆಯಲ್ಲಿ ಒಬ್ಬರು ಅಜ್ಜ "ನೀವು ಯಾರ ಪೈಕಿ? ಒಟ್ಟಿಗೆ ಯಾರಿಲ್ವಾ?" ಎಂದು ತುಳುವಿನಲ್ಲಿ ಕೇಳಿದರು. ಇಲ್ಲ ಎಂದೆ. "ಒಳ್ಳೇದಾಯ್ತು, ಮೊಸಳೆ ನೋಡ್ಲಿಕ್ಕೆ ಮಾತಾಡುವವರು ಆಗುದಿಲ್ಲ" ಎಂದರು. ಅವತ್ತು ಮೊಸಳೆಯಂತೂ ಕಾಣಲಿಲ್ಲ.

ಇಷ್ಟರಲ್ಲಿ ನನ್ನ ಜತೆ ಹೈಸ್ಕೂಲಿನಲ್ಲಿ ಓದಿದ ಗೆಳತಿ ಮುಂಬಯಿಯಿಂದ ಊರಿಗೆ ಬಂದಳು. ಮೂವತ್ತು ವರ್ಷ ಅಲ್ಲಿ ಬ್ಯಾಂಕಿನಲ್ಲಿದ್ದು, ಹೆಗಲಿಗೊಂದು ಕ್ಯಾಮರಾ ನೇತುಹಾಕಿಕೊಂಡು ಬಂದಿದ್ದಳು. "ನಾನೂ ಬರ್ತೇನೆ ಮಾರಾಯ್ತಿ" ಎಂದಳು. ಇಬ್ಬರಾದರೆ ಒಬ್ಬಳೇ ಹೋಗುವುದು ಹೇಗೆ? ಅದಕ್ಕೂ ದಾರಿ ಕಂಡುಕೊಂಡೆವು. ಅವಳು ಅವಳ ಊರಿನಿಂದ, ನಾನು ನನ್ನ ಊರಿನಿಂದ ಬೇರೆ ಬೇರೆ ಬಸ್ಸಿನಲ್ಲಿ ಹೋಗುವುದು. ಜಾಗ ಮುಟ್ಟಿದ ಮೇಲೆ ಎರಡು ಗಂಟೆ ಮಾತಿಲ್ಲ. ಅವಳಿಗೆ ಕ್ಯಾಮರಾ, ನನಗೆ ಮಗ ಕೊಟ್ಟ ಮೊಬೈಲು. ಆಮೇಲೆ ಚಾ ಕುಡಿಯುತ್ತಾ ಒಬ್ಬರ ಫೋಟೊ ಇನ್ನೊಬ್ಬರು ನೋಡುವುದು.

ಈ ಕ್ರಮದಲ್ಲಿ ಮೊದಲು ಹೋದದ್ದು ಬೇಕಲ ಕೋಟೆಗೆ. ಇಕ್ಕೇರಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ. ಹೈದರಾಲಿಗೆ, ಟಿಪ್ಪುವಿಗೆ, 1799ರ ಮೇಲೆ ಕಂಪೆನಿಯವರಿಗೆ ಕೈ ಬದಲಾಯಿತು. ಕಾಸರಗೋಡು ತಾಲೂಕು ಎಂದಾಗುವ ಮೊದಲು ಇದು ಬೇಕಲ ತಾಲೂಕು. ಮಣಿರತ್ನಂ ಅವರ 'ಬಾಂಬೆ' ಸಿನಿಮಾ 1995ರಲ್ಲಿ ಬಂದ ಮೇಲೆ ಇಲ್ಲಿಗೆ ಬರುವವರೆಲ್ಲ ಅದರ ಹಾಡಿನ ಜಾಗ ಹುಡುಕುತ್ತಾರೆ. ನಾವೂ ಹುಡುಕಿದೆವು, ಸುಳ್ಳು ಯಾಕೆ ಹೇಳಲಿ.

ಕೋಟೆಯ ಗೋಡೆ ಮುರಕಲ್ಲಿನದ್ದು. ಮಧ್ಯಾಹ್ನದ ಬಿಸಿಲಿನಲ್ಲಿ ಅದು ಫೋಟೊದಲ್ಲಿ ಸತ್ತ ಬಣ್ಣವಾಗಿ ಬರುತ್ತದೆ. ಒಂದು ಮಳೆ ಬಿದ್ದು ನೆನೆದರೆ ಕಲ್ಲಿನ ತೂತು ತೂತೆಲ್ಲ ಕೆಂಪಾಗಿ ಎದ್ದು ಕಾಣುತ್ತದೆ. ಇದನ್ನು ಹೇಳಿಕೊಟ್ಟದ್ದು ಗೆಳತಿ. ಇನ್ನೊಂದು ಮಾತನ್ನೂ ಹೇಳಿದಳು. ನನ್ನ ಮೊಬೈಲಿನ ಹಳೆಯ ಫೋಟೊ ಎಲ್ಲ ನೋಡಿ, "ನೀನು ಎಲ್ಲರನ್ನೂ ಸಾಲಾಗಿ ನಿಲ್ಲಿಸ್ತೀಯಲ್ಲಾ, ಕ್ಲಾಸ್ ಫೋಟೊ ಹಾಗೆ" ಎಂದಳು. ಹೌದು. ಮಗಳ ಮದುವೆಯಲ್ಲೂ, ಪೂಜೆಯಲ್ಲೂ, ಕೊಲ್ಲೂರಿಗೆ ಹೋದಾಗಲೂ ಎತ್ತರದವರು ಹಿಂದೆ, ಗಿಡ್ಡದವರು ಮುಂದೆ. ಯಾವ ಫೋಟೊದಲ್ಲೂ ನಾನಿಲ್ಲ. ಆಮೇಲಿನ ತಿಂಗಳುಗಳಲ್ಲಿ ನನ್ನ ಫೋಟೊಗಳಲ್ಲಿ ಜನ ಕಡಿಮೆಯಾದರು. ಬಾಗಿಲು, ಮೆಟ್ಟಲು, ಬಾವಿಕಟ್ಟೆ, ಒಗೆದು ಹರವಿದ ಬಟ್ಟೆ. ಮನೆಯವರು ಒಂದು ದಿನ ನೋಡಿ, "ಇದ್ರಲ್ಲಿ ಎಂತ ನೋಡುದು?" ಎಂದರು. ಎರಡು ನಿಮಿಷ ಬಿಟ್ಟು, "ಆ ಬಾವಿಕಟ್ಟೆದು ಇನ್ನೊಮ್ಮೆ ತೋರಿಸು" ಎಂದರು.

ಸುರಂಗದೊಳಗೆ

ಗೆಳತಿ ಊರಿಗೆ ಬಂದದ್ದು ಸುಮ್ಮನೆ ಅಲ್ಲ. ಬಾಯಾರು ಕಡೆಯ ಅವಳ ತವರುಮನೆ ಮಾರಾಟಕ್ಕಿತ್ತು. ಅಣ್ಣಂದಿರು ಬೆಂಗಳೂರಿನಲ್ಲಿ, ತೋಟ ನೋಡುವವರಿಲ್ಲ. ಮನೆಯ ಹಿಂದಿನ ಗುಡ್ಡದಲ್ಲಿ ಅವಳ ಅಜ್ಜನ ಕಾಲದ ಒಂದು ಸುರಂಗ ಉಂಟು. ಅದರ ಫೋಟೊ ತೆಗೆಯಬೇಕೆಂದು ಅವಳ ಆಸೆ.

ಸುರಂಗ ಎಂದರೆ ನಮ್ಮವರಿಗೆ ವಿವರಿಸುವುದು ಬೇಡ. ಆದರೆ ಸೊಲ್ಲಾಪುರ, ತಾಳವಾಡಿ ಕಡೆಯ ಓದುಗರಿಗಾಗಿ ಎರಡು ಮಾತು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ ಬಂದರೂ ನೀರು ನಿಲ್ಲುವುದಿಲ್ಲ, ಮಾರ್ಚ್ ಬಂದರೆ ಬಾವಿ ತಳ ಕಾಣುತ್ತದೆ. ಗುಡ್ಡದ ಒಳಗೆ ಇಂಗಿದ ನೀರನ್ನು ಅಡ್ಡಕ್ಕೆ ಕೊರೆದು ಹೊರಗೆ ತರುವ ಮಾರ್ಗವೇ ಸುರಂಗ. ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರ, ಎರಡು ಹೆಗಲು ಹಿಡಿಸುವಷ್ಟು ಅಗಲ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ, ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಒಬ್ಬ ಪಿಕಾಸಿ ಹಿಡಿದು ಕಡಿಯುವುದು, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಎಳೆಯುವುದು. ದೀಪ ಮಂಕಾದರೆ ಉಸಿರಾಡುವ ಗಾಳಿ ಕಡಿಮೆಯಾಯಿತೆಂದು ಅರ್ಥ, ಕೂಡಲೇ ಹೊರಗೆ ಬರಬೇಕು. ನೀರು ಸಿಕ್ಕಿದ ಮೇಲೆ ಪಂಪೂ ಬೇಡ, ಕರೆಂಟೂ ಬೇಡ. ತನ್ನಷ್ಟಕ್ಕೆ ಹರಿದು ಬರುತ್ತದೆ. ಎಣ್ಮಕಜೆ, ಪೈವಳಿಕೆ, ಆಚೆ ಬಂಟ್ವಾಳ ತಾಲೂಕಿನ ಮಾಣಿಲದಲ್ಲೆಲ್ಲ ಇಂಥವು ಬೇಕಾದಷ್ಟು. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸದ ನಡುವೆ ಬಿಡುವು ಮಾಡಿಕೊಂಡು ಒಬ್ಬರೇ ಸುರಂಗ ಕೊರೆದವರು. ಒಂದರ ಹಿಂದೊಂದು ವಿಫಲವಾದರೂ ಬಿಡದೆ ಕೊನೆಗೆ ಬೋಳುಗುಡ್ಡದಲ್ಲಿ ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ಒಬ್ಬಳೇ ರೈಲಿನಲ್ಲಿ ಹೋಗುವುದನ್ನು ದೊಡ್ಡ ಸಾಹಸ ಎಂದುಕೊಂಡಿದ್ದ ನನಗೆ ಅವರ ನೆನಪಾಗಿ ನಗು ಬಂತು.

ಸುರಂಗದ ಬಾಯಿ ಪೊದೆ ಮುಚ್ಚಿ ಹೋಗಿತ್ತು. ಕೆಲಸದವರು ಕಡಿದು ದಾರಿ ಮಾಡಿಕೊಟ್ಟರು. ಹಿಂದೆ ನೀರು ಅಡಿಕೆ ಮರದ ದಂಬೆಯಲ್ಲಿ ಬರುತ್ತಿತ್ತಂತೆ, ಈಗ ಕಪ್ಪು ಪೈಪು. "ನೀನು ಟಾರ್ಚ್ ಹಿಡಿಯಬೇಕು" ಎಂದಳು ಗೆಳತಿ. ಮುಚ್ಚಿದ ಕೋಣೆಯಲ್ಲಿ ಐದು ನಿಮಿಷ ಕೂರಲಾರದವಳು ನಾನು, ಲಿಫ್ಟ್ ಕಂಡರೆ ಮೆಟ್ಟಲು ಹತ್ತುವವಳು. ಎರಡು ವರ್ಷ ಹಿಂದೆ ಆದರೆ ಖಂಡಿತ ಆಗುದಿಲ್ಲ ಎನ್ನುತ್ತಿದ್ದೆ. ಸೀರೆಯ ಬದಲು ಚೂಡಿದಾರ ಹಾಕಿಕೊಂಡಿದ್ದು ಒಳ್ಳೆಯದಾಯಿತು ಎಂದಷ್ಟೇ ಯೋಚಿಸಿ ಬಗ್ಗಿದೆ.

ಪಾದ ಮುಳುಗುವಷ್ಟು ನೀರು, ತಣ್ಣಗೆ. ಹತ್ತು ಹೆಜ್ಜೆಯಲ್ಲಿ ಹೊರಗಿನ ಸದ್ದು ನಿಂತಿತು. ಎರಡು ಬಾವಲಿ ಕಿವಿಯ ಪಕ್ಕದಿಂದ ಹಾರಿದವು. ಇಂಥ ಕಡೆ ಫ್ಲ್ಯಾಷ್ ಹಾಕಿದರೆ ಬರೀ ಹತ್ತಿರದ ಗೋಡೆ ಬೆಳ್ಳಗೆ ಬರುತ್ತದೆ. ಅವಳು ಕ್ಯಾಮರಾವನ್ನು ಕಾಲಿನ ಮೇಲೆ ನಿಲ್ಲಿಸಿ ಶಟರನ್ನು ಮೂವತ್ತು ಸೆಕೆಂಡು ತೆರೆದಿಟ್ಟಳು. ನಾನು ಟಾರ್ಚಿನ ಬೆಳಕನ್ನು ಗೋಡೆಗೆ ಸುಣ್ಣ ಬಳಿದ ಹಾಗೆ ನಿಧಾನಕ್ಕೆ ಆಡಿಸಬೇಕು. ಒಂದೇ ಕಡೆ ನಿಲ್ಲಿಸಿದರೆ ಕಲೆ ಬೀಳುತ್ತದೆ. ಹದ ಸಿಗಲಿಕ್ಕೆ ಬೆನ್ನು ಸೋಲುವಷ್ಟು ಸಲ ಮಾಡಬೇಕಾಯಿತು. ಒಳಗೆ ನಾನು ಹೆದರಲಿಲ್ಲವೆಂದಲ್ಲ. ಮೂವತ್ತರವರೆಗೆ ಎಣಿಸುವ ಕೆಲಸ ಇತ್ತಲ್ಲ, ಎಣಿಸಿ ಅಭ್ಯಾಸ ಇದ್ದವಳಿಗೆ ಅದು ಸುಲಭವಾಯಿತು.

ಹೊರಗೆ ಬಂದು ಕ್ಯಾಮರಾದ ಪರದೆ ನೋಡಿದೆವು. ಗೋಡೆಯ ತುಂಬ ಪಿಕಾಸಿಯ ಗೀರು, ಒಂದೇ ಓರೆಯಲ್ಲಿ. ಒಂದು ಕಡೆ ಅಂಗೈಯಷ್ಟು ಗೂಡು, ಅದರ ಮೇಲೆ ಕಪ್ಪು ಮಸಿ. ಒಳಗೆ ನಮ್ಮ ಕಣ್ಣಿಗೆ ಅದು ಬಿದ್ದಿರಲಿಲ್ಲ. "ದೀಪ ಇಡ್ತಿದ್ದ ಜಾಗ" ಎಂದಳು. ಆಮೇಲೆ ಮಾತಾಡಲಿಲ್ಲ. ಅವತ್ತು ಎರಡು ಗಂಟೆಯ ನಿಯಮ ಯಾವಾಗಲೋ ಮುಗಿದಿತ್ತು, ಆದರೂ ನಾನೂ ಮಾತಾಡಿಸಲಿಲ್ಲ.

ಜಾಗ ತೆಗೆದುಕೊಳ್ಳುವವರು ಬೋರ್‌ವೆಲ್ ಕೊರೆಸುವವರು. ಅವರನ್ನು ದೂರುವ ಹಾಗಿಲ್ಲ. ಸುರಂಗಕ್ಕೆ ವರ್ಷವರ್ಷ ಇಳಿದು ಕುಸಿದ ಮಣ್ಣು ತೆಗೆಯಲು ಈಗ ಜನ ಎಲ್ಲಿದ್ದಾರೆ? ಕೆಲಸ ಬಲ್ಲವರೇ ವಿರಳ. ಆದರೆ ಈ ಸುರಂಗದ ನೀರು ತೋಟಕ್ಕಷ್ಟೇ ಅಲ್ಲ, ಕೆಳಗಿನ ಎರಡು ಮನೆಗಳಿಗೂ ಹೋಗುತ್ತದೆ. ಅಜ್ಜ ಬಾಯಿಮಾತಿನಲ್ಲಿ ಕೊಟ್ಟದ್ದು, ಕಾಗದ ಪತ್ರ ಇಲ್ಲ. ಜಾಗ ಕೈ ಬದಲಾದರೆ ಅವರ ಗತಿ ಏನು ಎಂದು ಆ ಮನೆಯವರು ಕೇಳಲಿಲ್ಲ. ಗೆಳತಿಗೆ ಅದೇ ಹೆಚ್ಚು ಚುಚ್ಚಿತು.

ದಸ್ತಾವೇಜು ಬರೆಯುವವರ ಹತ್ತಿರ ಹೋಗಿ, ಕೆಳಗಿನ ಮನೆಗಳಿಗೆ ನೀರಿನ ಹಕ್ಕು ಇರಬೇಕೆಂದು ಸೇರಿಸಿ ಎಂದಳು. ಸುರಂಗ ಎಲ್ಲುಂಟು, ಟಾಂಕಿ ಎಲ್ಲುಂಟು, ಪೈಪು ಯಾವ ದಾರಿಯಲ್ಲಿ ಹೋಗ್ತದೆ ಎಂದು ಅವರು ಕೇಳಿದರು. ನಮ್ಮ ಫೋಟೊಗಳನ್ನು ಮೇಜಿನ ಮೇಲೆ ಹರವಿದೆವು. ಅವಳದ್ದು ಸುರಂಗದ ಒಳಗಿನದ್ದು. ಉಪಯೋಗಕ್ಕೆ ಬಂದದ್ದು ನಾನು ಮೊಬೈಲಿನಲ್ಲಿ ತೆಗೆದ ಟಾಂಕಿ, ಪೈಪು, ಕಲ್ಲಿನ ಮೆಟ್ಟಲು. ಪೇಟೆಯಲ್ಲಿರುವ ಖರೀದಿದಾರರು ಪೊದೆಯ ಹಿಂದೆ ಇಂಥದ್ದೊಂದು ಉಂಟೆಂದು ನೋಡಿದ್ದೇ ಆಗ. ಎರಡು ದಿನ ಯೋಚಿಸಿ ಒಪ್ಪಿದರು. ರೇಟಿನಲ್ಲಿ ಸ್ವಲ್ಪ ಬಿಡಬೇಕಾಯಿತು. ಎಷ್ಟೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಗೆಳತಿ ಮುಂಬಯಿಗೆ ಹೋದಳು. ನಾನೀಗ ಪುನಃ ಒಬ್ಬಳೇ ಹೋಗುತ್ತೇನೆ. ಜಾಗ ಮುಟ್ಟಿದ ಮೇಲೆ ಒಂದು ಫೋಟೊ ಅವಳಿಗೆ ಕಳಿಸುತ್ತೇನೆ, "ಓರೆ ಉಂಟು", "ಬೆಳಕು ಸಾಲದು" ಎಂದು ಉತ್ತರ ಬರುತ್ತದೆ. ಬೆನ್ನು ತಟ್ಟುವ ಅಭ್ಯಾಸ ಅವಳಿಗಿಲ್ಲ.

ಹೋಗುವ ಮೊದಲು ಅವಳು ಫೋಟೊಗಳ ಎರಡು ಪ್ರತಿ ತೆಗೆಸಿ ಕೊಟ್ಟಿದ್ದಳು. ಕೆಳಗಿನ ಮನೆಗಳಿಗೆ ಅದನ್ನು ಒಯ್ದು ಮುಟ್ಟಿಸಿದ್ದು ನಾನೇ. ಮೊದಲ ಮನೆಯ ಅಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಒಂದೊಂದೇ ಫೋಟೊ ನೋಡಿದರು. ದೀಪದ ಗೂಡಿನ ಫೋಟೊ ಬಂದಾಗ ಬಹಳ ಹೊತ್ತು ನೋಡಿದರು. ಟಾಂಕಿಯ ಫೋಟೊ ಹಿಡಿದು, "ಅಕ್ಕೋರೇ, ನನ್ನ ಕೊಡಪಾನ ಯಾವತ್ತೂ ಇಲ್ಲೇ ಇರ್ತಿತ್ತು, ಇದ್ರಲ್ಲಿ ಕಾಣುದೇ ಇಲ್ಲವಲ್ಲ" ಎಂದರು. ಫೋಟೊ ಚಂದ ಕಾಣಲಿ ಎಂದು ಅದನ್ನು ಬದಿಗೆ ಸರಿಸಿ ಇಟ್ಟವರು ಅವರ ಸೊಸೆಯೇ. ಅವಳು ಒಳಗಿನಿಂದ ನಗುತ್ತಿದ್ದಳು.