ಕುಡಿತ ಬಿಟ್ಟ ಮನೆಯ ಊಟದ ತಟ್ಟೆ

ಮದ್ಯಪಾನದ ಕೆಡುಕಿನ ಕುರಿತು ಜುಮಾ ಖುತ್ಬಾಗಳಲ್ಲಿ ನಾವು ಬಹಳಷ್ಟು ಕೇಳಿದ್ದೇವೆ. ಅದು ನಿಷಿದ್ಧ ಎಂಬುದರಲ್ಲಿ ನಮಗಾರಿಗೂ ಸಂಶಯವಿಲ್ಲ. ಆದರೆ ಕುಡಿಯುತ್ತಿದ್ದ ಸಹೋದರನೊಬ್ಬ ತೌಬಾ ಮಾಡಿ ಬಿಟ್ಟ ಮೇಲೆ ಆತನ ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನಾವು ಅಷ್ಟಾಗಿ ಮಾತನಾಡುವುದಿಲ್ಲ. ಬಿಟ್ಟ ಎರಡು ತಿಂಗಳಿಗೆ ಆತನ ಹೊಟ್ಟೆ ಮುಂದೆ ಬರುತ್ತದೆ. ರಾತ್ರಿ ಹತ್ತು ಗಂಟೆಗೆ ಸಿಹಿತಿಂಡಿಯ ಡಬ್ಬಿ ಹುಡುಕುತ್ತಾನೆ. ಚಹಾಕ್ಕೆ ಮೂರು ಚಮಚ ಸಕ್ಕರೆ ಬೇಕೆನ್ನುತ್ತಾನೆ. ಮನೆಯವರು ನಗುತ್ತಾರೆ, ಇಲ್ಲವೇ ಗದರುತ್ತಾರೆ. ಆತ ನಾಚಿಕೊಂಡು ಊಟ ಬಿಡುತ್ತಾನೆ. ಹಲವು ಬಾರಿ ಮತ್ತೆ ಬಾಟಲಿಯ ಕಡೆಗೆ ಹೋಗುವ ದಾರಿ ಇಲ್ಲಿಂದಲೇ ಶುರುವಾಗುತ್ತದೆ.

ಆದ್ದರಿಂದ ಒಂದು ಕ್ರಮವನ್ನು ನಾವು ಮೊದಲೇ ತಿಳಿದಿರಬೇಕು. ಮೊದಲು ಕುಡಿತದಿಂದ ದೂರವಿರುವುದು, ಅನಂತರ ಹೊತ್ತಿಗೆ ಸರಿಯಾದ ಊಟ, ಕೊನೆಗೆ ತೂಕ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಮೂರೂ ಕೈತಪ್ಪಬಹುದು.

ಬಿಡುವ ಮೊದಲ ದಿನಗಳು

ಪವಿತ್ರ ಕುರ್‌ಆನ್‌ನಲ್ಲಿ ಮದ್ಯದ ನಿಷೇಧ ಹಂತ ಹಂತವಾಗಿ ಬಂದಿದೆ. ಮೊದಲು ಅದರ ಪಾಪವು ಲಾಭಕ್ಕಿಂತ ದೊಡ್ಡದೆಂದು ತಿಳಿಸಲಾಯಿತು, ಬಳಿಕ ಅಮಲಿನಲ್ಲಿ ನಮಾಝ್‌ಗೆ ಸಮೀಪಿಸಬಾರದೆಂದು ಆಜ್ಞೆಯಾಯಿತು, ಕೊನೆಗೆ ಸಂಪೂರ್ಣ ನಿಷೇಧ ಬಂತು. ಇಂದು ನಮಗೆ ಆ ಕೊನೆಯ ಆಜ್ಞೆಯೇ ಅಂತಿಮ. ಸ್ವಲ್ಪ ಸ್ವಲ್ಪ ಕುಡಿಯಲು ಇದರಲ್ಲಿ ಅವಕಾಶ ಹುಡುಕುವಂತಿಲ್ಲ. ಆದರೆ ಬೇರೂರಿದ ಚಟವನ್ನು ಕೀಳುವುದು ಮನುಷ್ಯನಿಗೆ ಎಷ್ಟು ಕಷ್ಟ ಎಂಬುದನ್ನು ಈ ಹಂತಗಳಿಂದ ನಾವು ಅರಿಯಬಹುದು.

ವರ್ಷಗಳ ಕಾಲ ಪ್ರತಿದಿನ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 12 ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ ಕಾಣಿಸಿಕೊಳ್ಳಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಭ್ರಮೆ ಮತ್ತು ಗೊಂದಲ ಉಂಟಾಗುತ್ತದೆ. ಇದು ಪ್ರಾಣಕ್ಕೇ ಅಪಾಯ ತರಬಲ್ಲದು. ರಮಝಾನ್‌ನ ಚಂದ್ರ ಕಂಡ ರಾತ್ರಿ ಬಾಟಲಿ ಎಸೆದು ಮರುದಿನ ಉಪವಾಸ ಹಿಡಿಯುವವರು ನಮ್ಮ ನಡುವೆ ಇದ್ದಾರೆ. ಅವರ ಸಂಕಲ್ಪ ದೊಡ್ಡದು. ಆದರೆ ಅಂಥವರು ಕೆಲವು ವಾರ ಮೊದಲೇ ವೈದ್ಯರನ್ನು ಕಾಣಬೇಕು. ಈ ದಿನಗಳನ್ನು ಸುರಕ್ಷಿತವಾಗಿ ದಾಟಿಸುವ ಔಷಧಗಳಿವೆ. ಕುಡಿತದಿಂದ ಬಿ1 ಜೀವಸತ್ವ, ಅಂದರೆ ಥಯಮಿನ್, ದೇಹದಲ್ಲಿ ಕಡಿಮೆಯಾಗಿರುತ್ತದೆ. ಅದರ ಕೊರತೆ ನೆನಪು, ನಡಿಗೆ ಮತ್ತು ಕಣ್ಣಿನ ಚಲನೆಯನ್ನು ಕೆಡಿಸಬಲ್ಲದು. ಅದನ್ನೂ ವೈದ್ಯರೇ ಸರಿಪಡಿಸುತ್ತಾರೆ.

ತೂಕ ಏರುವುದೇಕೆ?

ಮದ್ಯವೂ ದೇಹಕ್ಕೆ ಕ್ಯಾಲೊರಿ ಕೊಡುತ್ತದೆ. ಒಂದು ಗ್ರಾಂ ಅಕ್ಕಿಯ ಪಿಷ್ಟದಲ್ಲಿ 4, ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ ಇದ್ದರೆ ಒಂದು ಗ್ರಾಂ ಮದ್ಯಸಾರದಲ್ಲಿ 7 ಇದೆ. ನಮ್ಮಲ್ಲಿ ಕ್ವಾರ್ಟರ್ ಎಂದು ಕರೆಯುವ 180 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರ, ಅಂದರೆ ಸುಮಾರು 425 ಕ್ಯಾಲೊರಿ ಇರುತ್ತದೆ. ಇದು ನಾಲ್ಕು ಸಾಧಾರಣ ಚಪಾತಿಗಳಷ್ಟಾಯಿತು. ಆದರೆ ಅದರಲ್ಲಿ ಪ್ರೋಟೀನ್ ಇಲ್ಲ, ನಾರಿಲ್ಲ, ಜೀವಸತ್ವವಿಲ್ಲ. ಯಕೃತ್ತು ಬೇರೆಲ್ಲ ಕೆಲಸ ಬದಿಗಿಟ್ಟು ಮೊದಲು ಮದ್ಯಸಾರವನ್ನು ಕರಗಿಸಲು ತೊಡಗುತ್ತದೆ. ಆಗ ಕೊಬ್ಬು ಕರಗದೆ ಉಳಿದು ಯಕೃತ್ತಿನಲ್ಲೇ ಸೇರಿಕೊಳ್ಳುತ್ತದೆ.

ಹಾಗಾದರೆ ಬಿಟ್ಟ ಮೇಲೆ ತೂಕ ಇಳಿಯಬೇಕಲ್ಲವೇ? ಕೆಲವರಿಗೆ ಇಳಿಯುತ್ತದೆ, ಹಲವರಿಗೆ ಏರುತ್ತದೆ. ಹೊಟ್ಟೆಯ ಉರಿ ಶಮನವಾಗಿ ಹಸಿವು ಮರಳುವುದು ಇದಕ್ಕೆ ಒಂದು ಕಾರಣ. ಮದ್ಯ ಮೆದುಳಿನಲ್ಲಿ ಯಾವ ಸಂತೋಷದ ದಾರಿಯನ್ನು ತಟ್ಟುತ್ತಿತ್ತೋ ಸಿಹಿಯೂ ಅದೇ ದಾರಿಯನ್ನು ತಟ್ಟುತ್ತದೆ. ಹಾಗಾಗಿ ಮನಸ್ಸು ಸಕ್ಕರೆಯನ್ನು ಬೇಡುತ್ತದೆ. ಮೊದಲ ವಾರಗಳಲ್ಲಿ ನಿದ್ದೆ ಸರಿಯಾಗಿ ಬಾರದಿರುವುದೂ ಹಸಿವನ್ನು ಹೆಚ್ಚಿಸುತ್ತದೆ.

ಕುಡಿತದಲ್ಲಿ ಊಟವನ್ನೇ ಮರೆತು ಸೊರಗಿದ್ದವರಿಗೆ ಈ ತೂಕ ಚೇತರಿಕೆಯ ಲಕ್ಷಣ. ಎಲ್ಲ ಏರಿಕೆಯೂ ಕೆಡುಕಲ್ಲ. ಸಿಹಿ ಬೇಡುವುದು ಹೊಟ್ಟೆಬಾಕತನವೂ ಅಲ್ಲ, ಈಮಾನ್‌ನ ಕೊರತೆಯೂ ಅಲ್ಲ.

ಹಸಿವೆಂಬ ಅಪಾಯ

ತೂಕ ಕಂಡು ಗಾಬರಿಯಾಗಿ ದಿನಕ್ಕೆ ಒಂದೇ ಊಟ, ಅನ್ನವೇ ಬೇಡ, ಬರೀ ಹಣ್ಣಿನ ರಸ ಎಂಬ ಕಠಿಣ ಪಥ್ಯಕ್ಕೆ ಇಳಿಯುವವರಿದ್ದಾರೆ. ಮೊದಲ ತಿಂಗಳುಗಳಲ್ಲಿ ಇದು ಸಲ್ಲದು. ಹೊಟ್ಟೆ ಖಾಲಿಯಾದಾಗ ಕಿರಿಕಿರಿ, ನಡುಕ, ತಲೆಭಾರ ಬರುತ್ತದೆ. ವರ್ಷಗಳ ಅಭ್ಯಾಸವಿರುವ ಮನಸ್ಸು ಅದನ್ನು ಕುಡಿಯಬೇಕೆಂಬ ಆಸೆಯೆಂದೇ ಓದಿಕೊಳ್ಳುತ್ತದೆ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟಗಳಲ್ಲಿ ಒಂದು ಎಚ್ಚರಿಕೆ ಬಳಕೆಯಲ್ಲಿದೆ: ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಯಾವುದೂ ಮಿತಿಮೀರಲು ಬಿಡಬೇಡಿ. ನಾಲ್ಕರಲ್ಲಿ ಮೊದಲು ಬರುವುದು ಹಸಿವೇ.

ಹೊಟ್ಟೆಯ ಮೂರರಲ್ಲೊಂದು ಪಾಲು ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬರ್ಥದ ಪ್ರವಾದಿ(ಸ)ರ ಬೋಧನೆ ನಮಗೆಲ್ಲ ತಿಳಿದದ್ದೇ. ಅದು ಮಿತವನ್ನು ಕಲಿಸುತ್ತದೆ, ದೇಹವನ್ನು ದಂಡಿಸುವುದನ್ನಲ್ಲ.

ತಟ್ಟೆಯಲ್ಲಿ ಏನಿರಬೇಕು?

ಹೊತ್ತಿಗೆ ಮೂರು ಊಟ, ನಡುವೆ ಒಂದೆರಡು ಸಣ್ಣ ತಿಂಡಿ ಇರಲಿ. ನಾಲ್ಕೈದು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬಾರದು. ಮೊದಲು ಯಾವ ಹೊತ್ತಿಗೆ ಕುಡಿಯಲು ಹೊರಡುತ್ತಿದ್ದರೋ ಆ ಹೊತ್ತಿಗೆ ಸ್ವಲ್ಪ ಮುಂಚೆಯೇ ಏನಾದರೂ ತಿನ್ನಿಸಿ. ಅಸ್ರ್ ಮತ್ತು ಮಗ್ರಿಬ್ ನಡುವೆ ಒಂದು ಹಿಡಿ ಹುರಿದ ಶೇಂಗಾ, ಬೇಯಿಸಿದ ಕಡಲೆ ಅಥವಾ ಒಂದು ಮೊಟ್ಟೆ ಸಾಕು. ಪ್ರತಿ ಊಟದಲ್ಲೂ ಮೀನು, ಮೊಟ್ಟೆ, ಕೋಳಿ, ಬೇಳೆ, ಮೊಸರು ಇವುಗಳಲ್ಲಿ ಒಂದಿರಲಿ. ಪ್ರೋಟೀನ್ ಇರುವ ಊಟ ಬೇಗ ಹಸಿವು ತರುವುದಿಲ್ಲ. ಜೋಳದ ರೊಟ್ಟಿ, ರಾಗಿ ಮುದ್ದೆ, ಪತ್ತಿರಿ, ಅನ್ನ ಯಾವುದಾದರೂ ಆದೀತು. ಆದರೆ ಅರ್ಧ ತಟ್ಟೆ ತರಕಾರಿ ಇರಲಿ. ಶುಕ್ರವಾರದ ಬಿರಿಯಾನಿ ಬಿಡಬೇಕಾಗಿಲ್ಲ. ಜೊತೆಗೆ ಸೌತೆ, ಈರುಳ್ಳಿ, ಮೊಸರು ಇಟ್ಟು ಎರಡನೆಯ ಬಾರಿ ಬಡಿಸಿಕೊಳ್ಳದಿದ್ದರೆ ಆಯಿತು.

ಚಹಾದ ಲೆಕ್ಕ ಮಾತ್ರ ನೋಡಬೇಕು. ಒಂದು ಚಮಚ ಸಕ್ಕರೆ ಸುಮಾರು 4 ಗ್ರಾಂ. ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ 48 ಗ್ರಾಂ, ಸುಮಾರು 190 ಕ್ಯಾಲೊರಿ. ಇದು 90 ಮಿಲಿಲೀಟರ್ ಪ್ಯಾಕೆಟ್ ಮದ್ಯದ ಕ್ಯಾಲೊರಿಗೆ ಹತ್ತಿರ ಹತ್ತಿರ ಸಮ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ಸುಮಾರು 25 ಗ್ರಾಂ ಸಕ್ಕರೆಗೆ ಮಿತಿಗೊಳಿಸುವುದು ಉತ್ತಮ. ಆದರೆ ಮೊದಲ ವಾರವೇ ಸಕ್ಕರೆ ಡಬ್ಬಿ ಬಚ್ಚಿಡಬೇಡಿ. ತಿಂಗಳಿಗೆ ಅರ್ಧ ಚಮಚದಂತೆ ಇಳಿಸಿ. ರಾತ್ರಿ ಸಿಹಿ ಬೇಕೆನಿಸಿದರೆ ಎರಡು ಖರ್ಜೂರ ಅಥವಾ ಒಂದು ಬಾಳೆಹಣ್ಣು ಕೊಡಿ. ಸಕ್ಕರೆ ಕಾಯಿಲೆ ಇರುವವರು, ಅದರ ಮಾತ್ರೆ ಅಥವಾ ಇನ್ಸುಲಿನ್ ಬಳಸುವವರು ಎಲ್ಲವನ್ನೂ ವೈದ್ಯರನ್ನು ಕೇಳಿಯೇ ಮಾಡಬೇಕು.

ಮಸೀದಿಗೆ ಬೈಕ್ ಬಿಟ್ಟು ನಡೆದೇ ಹೋಗುವುದು ಒಳ್ಳೆಯ ವ್ಯಾಯಾಮ. ಸಂಜೆಯ ಆ ಕಠಿಣ ಗಂಟೆಯೂ ಅದರಲ್ಲಿ ಕಳೆಯುತ್ತದೆ.

ಉಪವಾಸದ ವಿಷಯ

ರಮಝಾನ್ ಬಂದಾಗ ವೈದ್ಯರ ಅನುಮತಿ ಇದ್ದರೆ ಉಪವಾಸ ಹಿಡಿಯಬಹುದು. ಸಹರಿ ತಪ್ಪಿಸಬಾರದು. ಇಫ್ತಾರ್‌ನಲ್ಲಿ ಕರಿದ ಸಮೋಸ, ಶರಬತ್ತುಗಳಿಂದಲೇ ಹೊಟ್ಟೆ ತುಂಬಿಸದೆ ಖರ್ಜೂರ, ನೀರು, ಬಳಿಕ ಸರಿಯಾದ ಊಟ ಎಂಬ ಪದ್ಧತಿ ಇರಲಿ. ರೋಗಿಗೆ ಉಪವಾಸದಿಂದ ರಿಯಾಯಿತಿ ನೀಡಿ, ಅದನ್ನು ಬೇರೆ ದಿನಗಳಲ್ಲಿ ಪೂರೈಸಲು ಕುರ್‌ಆನ್ ಅವಕಾಶ ಕೊಟ್ಟಿದೆ. ಚಿಕಿತ್ಸೆಯಲ್ಲಿರುವವನು ಆ ರಿಯಾಯಿತಿ ಪಡೆದರೆ ಆತನತ್ತ ಬೆರಳು ತೋರಿಸುವ ಹಕ್ಕು ನಮಗಿಲ್ಲ. ಈದ್‌ನ ಮರುದಿನವೇ ಹಳೆಯ ಗೆಳೆಯರು ಕರೆಯುತ್ತಾರೆ ಎಂಬುದನ್ನು ಮನೆಯವರು ಮರೆಯಬಾರದು. ಆ ವಾರ ಆತನನ್ನು ಒಂಟಿಯಾಗಿ ಬಿಡಬೇಡಿ.

ಮನೆಯವರು ಮಾಡಬಾರದ ಎರಡು ಕೆಲಸಗಳು

ಗೊತ್ತಾಗದಂತೆ ಊಟದಲ್ಲಿ ಔಷಧ ಬೆರೆಸಿ ಕೊಡುವುದು ಒಂದು. ಡೈಸಲ್ಫಿರಾಮ್ ಎಂಬ ಮಾತ್ರೆ ದೇಹದಲ್ಲಿರುವಾಗ ಕುಡಿದರೆ ವಾಂತಿ, ಎದೆಬಡಿತ ಉಂಟಾಗಿ ರಕ್ತದೊತ್ತಡ ಕುಸಿಯಬಹುದು, ಜೀವಕ್ಕೂ ಅಪಾಯವಿದೆ. ಅದನ್ನು ರೋಗಿ ತಿಳಿದು ಒಪ್ಪಿ, ವೈದ್ಯರ ನಿಗಾದಲ್ಲಿ ಮಾತ್ರ ಸೇವಿಸಬೇಕು. ಜಾಹೀರಾತಿನಲ್ಲಿ ಬರುವ ಹೆಸರಿಲ್ಲದ ಪುಡಿಗಳಲ್ಲಿ ಏನಿದೆಯೆಂದು ತಿಳಿಯುವ ಬಗೆಯೇ ಇಲ್ಲ. ಅಲ್ಲದೆ, ಮನೆಯ ಊಟದ ಮೇಲೇ ಸಂಶಯ ಹುಟ್ಟಿದರೆ ಆತ ಮನೆಯಲ್ಲಿ ಉಣ್ಣುವುದನ್ನೇ ಬಿಡುತ್ತಾನೆ.

ಎರಡನೆಯದು ಹೀಯಾಳಿಕೆ. ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾಗಿದ್ದ ಒಬ್ಬರನ್ನು ಯಾರೋ ಶಪಿಸಿದಾಗ ಪ್ರವಾದಿ(ಸ)ರು ತಡೆದು, ಆತನಲ್ಲಿ ಅಲ್ಲಾಹ್ ಮತ್ತು ಆತನ ರಸೂಲರ ಮೇಲಿನ ಪ್ರೀತಿ ಇದೆಯೆಂದು ತಿಳಿಸಿದ ಘಟನೆ ಸಹೀಹ್ ಬುಖಾರಿಯಲ್ಲಿದೆ. ಮತ್ತೆ ಮತ್ತೆ ಎಡವಿದವರ ವಿಷಯದಲ್ಲೇ ಹೀಗಿರುವಾಗ, ಬಿಟ್ಟು ನಿಂತವನ ಹೊಟ್ಟೆಯನ್ನು ನೋಡಿ ನಗಲು ನಾವು ಯಾರು?

ತೂಕದ ಕಡೆಗೆ

ಕುಡಿತವಿಲ್ಲದ ದಿನಗಳು ಗಟ್ಟಿಯಾಗಿ, ನಿದ್ದೆ ಮತ್ತು ಊಟ ಹದಕ್ಕೆ ಬಂದ ಮೇಲೆ ತೂಕದ ಕಡೆ ಗಮನ ಕೊಡಬಹುದು. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಯಕೃತ್ತು, ಸಕ್ಕರೆ, ರಕ್ತದೊತ್ತಡ ಪರೀಕ್ಷಿಸಿಕೊಂಡು ವಾರಕ್ಕೆ ಅರ್ಧ ಕಿಲೋ ಇಳಿಸುವ ಗುರಿ ಸಾಕು. ನಡುವೆ ಕುಡಿಯುವ ಆಸೆ ಕೆರಳಿದರೆ ಪಥ್ಯವನ್ನು ಸಡಿಲಿಸಿ. ಎರಡು ಕಿಲೋ ತೂಕವನ್ನು ಮುಂದಿನ ತಿಂಗಳು ಇಳಿಸಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರನ್ನೂ ಕಾಣಬಹುದು. ವ್ಯಸನಮುಕ್ತಿಗೆ 14446, ಮಾನಸಿಕ ನೆರವಿಗೆ ಟೆಲಿ ಮಾನಸ್ 14416 ಉಚಿತ ದೂರವಾಣಿ ಸಂಖ್ಯೆಗಳು. ಮಾನ ಹೋದೀತೆಂಬ ಅಂಜಿಕೆಯಲ್ಲಿ ಮುಚ್ಚಿಟ್ಟು ಒಬ್ಬ ಮಗನನ್ನು, ಒಬ್ಬ ತಂದೆಯನ್ನು ಕಳಕೊಳ್ಳುವುದಕ್ಕಿಂತ ಈ ಸಂಖ್ಯೆಗೆ ಕರೆ ಮಾಡುವುದು ಮೇಲು. ಮರಳಿ ಬರಲು ಹೊರಟವರಿಗೆ ಅಲ್ಲಾಹನು ಸ್ಥಿರತೆ ನೀಡಲಿ. ಅವರಿಗೆ ಬಡಿಸುವ ಕೈಗಳಿಗೆ ಸಹನೆ ನೀಡಲಿ. ಆಮೀನ್.