ಪುಟಾಣಿಗಳಿಗೆ ಅಗ್ನಿಶಾಮಕ ಠಾಣೆಯ ಪರಿಚಯ ಏಕೆ ಬೇಕು?

ಕೊಲ್ಹಾರದ ಹೆಸರು ಹೇಳಿದೊಡನೆ ಮಣ್ಣಿನ ಗಡಿಗೆಯ ಗಟ್ಟಿ ಮೊಸರು ನೆನಪಾಗುತ್ತದೆ. ಆ ಮೊಸರಿನ ತಂಪಿನ ಹಿಂದೆ ಹಾಲು ಕಾಯಿಸಿದ ಒಲೆಯ ಉರಿಯಿದೆ. ಈ ನಾಡಿನ ಮಗು ಅಂಬೆಗಾಲಿಡುತ್ತ ಒಲೆಯತ್ತ ಸಾಗಿದಾಗ ಅವ್ವನ ಬಾಯಿಂದ ಬರುವ ಮಾತು ಒಂದೇ: ‘ಸುಡತೈತಿ, ಮುಟ್ಟಬ್ಯಾಡ!’ ಅನ್ನ ಬೇಯಿಸುವ ಬೆಂಕಿಯೇ ಅಪಾಯವನ್ನೂ ತರಬಲ್ಲದು ಎಂಬ ಪಾಠ ಹೀಗೆ ಮನೆಯಲ್ಲೇ ಆರಂಭವಾಗುತ್ತದೆ. ಆದರೆ ಅಪಾಯ ಬಂದಾಗ ಕಾಪಾಡಲು ಬರುವವರು ಯಾರು ಎಂಬ ಪಾಠವನ್ನು ನಾವು ಸಾಮಾನ್ಯವಾಗಿ ಹೇಳಿಕೊಡುವುದಿಲ್ಲ. ಅಂಗನವಾಡಿಯ ಪುಟಾಣಿಗಳನ್ನು ಅಗ್ನಿಶಾಮಕ ಠಾಣೆಗೆ ಕರೆದೊಯ್ಯುವುದರ ಅರ್ಥ ಇರುವುದು ಇಲ್ಲಿಯೇ.

‘ಮೂರು ವರ್ಷದ ಕೂಸಿಗೆ ಅದೆಲ್ಲ ಏನು ತಿಳಿದೀತು?’ ಎಂದು ಕೇಳುವವರುಂಟು. ಜ್ಞಾನದ ಹುಡುಕಾಟ ಬೆರಗಿನಿಂದ ಮೊದಲಾಗುತ್ತದೆ ಎಂದು ಅರಿಸ್ಟಾಟಲ್ ಕಂಡುಕೊಂಡಿದ್ದ. ಮನುಷ್ಯನ ಅರಿವು ಇಂದ್ರಿಯಗಳ ಬಾಗಿಲಿನಿಂದಲೇ ಒಳಬರುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ವಿವರಿಸಿದರು. ಇದಕ್ಕೆ ಎಳೆಯ ಮಗುವಿಗಿಂತ ಮಿಗಿಲಾದ ನಿದರ್ಶನ ಬೇಕಿಲ್ಲ. ಅದಕ್ಕೆ ಉಪನ್ಯಾಸ ಬೇಡ. ದೊಡ್ಡ ಕೆಂಪು ವಾಹನವನ್ನು ಕಣ್ಣಾರೆ ಕಾಣಬೇಕು, ದಪ್ಪ ಕೊಳವೆಯನ್ನು ಮುಟ್ಟಬೇಕು, ಚಿಮ್ಮುವ ನೀರಿಗೆ ಚಪ್ಪಾಳೆ ತಟ್ಟಬೇಕು.

ಆದರೆ ಈ ಭೇಟಿ ಕೇವಲ ವಿನೋದಕ್ಕಲ್ಲ. ಮನೆಗೆ ಬೆಂಕಿ ಬಿದ್ದಾಗ ಎಳೆಯ ಮಕ್ಕಳು ಹೊರಗೆ ಓಡುವ ಬದಲು ಮಂಚದ ಕೆಳಗೋ ಕಪಾಟಿನ ಒಳಗೋ ಅಡಗಿಕೊಳ್ಳುವುದುಂಟು. ಹೊಗೆಯ ನಡುವೆ ಭಾರವಾದ ಉಡುಪು, ಶಿರಸ್ತ್ರಾಣ, ಉಸಿರಾಟದ ಮುಖವಾಡ ಧರಿಸಿ ಬರುವ ಆಗಂತುಕನು ಅವರ ಕಣ್ಣಿಗೆ ಭೂತದಂತೆ ಕಾಣುತ್ತಾನೆ; ರಕ್ಷಕನನ್ನು ಕಂಡೇ ಮಗು ಮತ್ತಷ್ಟು ಮುದುಡಿಕೊಳ್ಳುತ್ತದೆ. ಆದ್ದರಿಂದ ಠಾಣೆಯಲ್ಲಿ ಸಿಬ್ಬಂದಿಯೊಬ್ಬರು ಮಕ್ಕಳ ಎದುರಿಗೆ ಕುಳಿತು, ನಗುತ್ತ ಮಾತನಾಡುತ್ತ, ಒಂದೊಂದಾಗಿ ಉಡುಪು ತೊಟ್ಟು, ಕೊನೆಗೆ ಮುಖವಾಡವನ್ನು ಹಾಕಿ ತೆಗೆದು ತೋರಿಸಬೇಕು. ‘ಒಳಗೆ ಇರುವವರು ಅದೇ ಕಾಕಾ’ ಎಂದು ಮಗುವಿಗೆ ಮನದಟ್ಟಾದರೆ ಭೇಟಿಯ ಅರ್ಧ ಫಲ ದೊರೆತಂತೆಯೇ. ಭಯವನ್ನು ವಿಶ್ವಾಸವನ್ನಾಗಿ ಮಾರ್ಪಡಿಸುವುದೇ ಇಲ್ಲಿನ ನಿಜವಾದ ಶಿಕ್ಷಣ.

ಇದಕ್ಕೆ ಕೊಂಚ ಪೂರ್ವಸಿದ್ಧತೆ ಅಗತ್ಯ. ಠಾಣಾಧಿಕಾರಿಗಳ ಅನುಮತಿ ಪಡೆದು, ಸಣ್ಣ ಗುಂಪುಗಳಲ್ಲಿ, ಬಿಸಿಲೇರುವ ಮುನ್ನ ಹೋಗಬೇಕು. ಸೈರನ್ ಮೊಳಗಿಸುವ ಮುಂಚೆ ಮಕ್ಕಳಿಗೆ ತಿಳಿಸಬೇಕು. ಅಂಜುವ ಮಗುವನ್ನು ಒತ್ತಾಯಿಸಬಾರದು. ಕಲಿಸಬೇಕಾದುದು ಮೂರೇ ಮಾತು: ಕಡ್ಡಿಪೆಟ್ಟಿಗೆ ಕಂಡರೆ ಮುಟ್ಟದೆ ಹಿರಿಯರಿಗೆ ಹೇಳು, ಹೊಗೆ ಕಂಡರೆ ಅಡಗದೆ ಹೊರಗೆ ಬಾ, ರಕ್ಷಕರು ಕರೆದರೆ ಓಗೊಡು.

ರಕ್ಷಣೆಯ ಬೆಲೆ ಏನೆಂಬುದನ್ನು ನಮ್ಮ ಜಿಲ್ಲೆ ಬಲ್ಲದು. 2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಹಾಲುಗಲ್ಲದ ಗಂಡುಕೂಸೊಂದು ತೆರೆದ ಕೊಳವೆ ಬಾವಿಗೆ ತಲೆಕೆಳಗಾಗಿ ಬಿದ್ದು, ಸುಮಾರು 16 ಅಡಿ ಆಳದಲ್ಲಿ ಸಿಲುಕಿತು. ಅಗ್ನಿಶಾಮಕ ಸಿಬ್ಬಂದಿ ಹಾಗೂ ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಗಳು ಪ್ರಾಣವಾಯುವನ್ನು ಒಳಗೆ ಹರಿಸುತ್ತ, ಪಕ್ಕದಲ್ಲಿ ಸಮಾನಾಂತರ ಗುಂಡಿ ತೋಡಿ, ಸುಮಾರು 20 ಗಂಟೆಗಳ ಶ್ರಮದ ತರುವಾಯ ಮರುದಿನ ಮಧ್ಯಾಹ್ನ ಮಗುವನ್ನು ಜೀವಂತವಾಗಿ ಮೇಲೆತ್ತಿದರು. ಆದರೆ 2014ರಲ್ಲಿ ಇದೇ ಜಿಲ್ಲೆಯ ನಾಗಠಾಣದಲ್ಲಿ ಇಂಥದೇ ಬಾವಿಗೆ ಬಿದ್ದ ಬಾಲಕಿ ಬದುಕಿ ಬರಲಿಲ್ಲ.

ಈ ಎರಡು ಘಟನೆಗಳಲ್ಲಿಯೂ ತಪ್ಪು ಮಗುವಿನದಲ್ಲ. ಬಾವಿಗೆ ಮುಚ್ಚಳ ಹಾಕಬೇಕಾದವರು ಹಿರಿಯರು. ಆದುದರಿಂದ ಮಕ್ಕಳನ್ನು ಠಾಣೆಗೆ ಕರೆದೊಯ್ದು ಎಚ್ಚರಿಕೆಯ ಹೊರೆಯನ್ನು ಅವರ ತಲೆಯ ಮೇಲಿರಿಸಿ ನಾವು ನಿಶ್ಚಿಂತರಾಗುವುದು ಸಲ್ಲದು. ಮಗು ಕಲಿಯುವುದು ವಿಶ್ವಾಸ, ಹೊಣೆ ನಮ್ಮದು. ಠಾಣೆಯಿಂದ ಮರಳಿದ ತಂದೆತಾಯಿ ಅಂದೇ ಕಡ್ಡಿಪೆಟ್ಟಿಗೆ, ಸೀಮೆಎಣ್ಣೆಗಳನ್ನು ಎತ್ತರದಲ್ಲಿಡಲಿ; ಬಣವೆಗಳನ್ನು ಒಲೆಯಿಂದಲೂ ವಿದ್ಯುತ್ ತಂತಿಯಿಂದಲೂ ದೂರ ಒಟ್ಟಲಿ; ಹೊಲದ ಹಾಳು ಕೊಳವೆ ಬಾವಿಯನ್ನು ಮುಚ್ಚಿಸಲಿ. ಸುಟ್ಟ ಗಾಯಕ್ಕೆ ಮಸಿ, ಟೂತ್‌ಪೇಸ್ಟ್ ಹಚ್ಚದೆ ಸುಮಾರು 20 ನಿಮಿಷ ತಣ್ಣೀರು ಹರಿಸಿ ವೈದ್ಯರಲ್ಲಿಗೆ ಒಯ್ಯುವುದನ್ನು ಅರಿಯಲಿ. 101 ಮತ್ತು 112 ಎಂಬ ದೂರವಾಣಿ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡಲಿ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸ್ಫೋಟಗೊಂಡಾಗ ಬೆಂಕಿ ನಂದಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಅವರ ಸ್ಮರಣಾರ್ಥ ದೇಶದಲ್ಲಿ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸಲಾಗುತ್ತದೆ. ಠಾಣೆಯ ಸಿಬ್ಬಂದಿ ಜನರಿಗೆ ಪ್ರಾತ್ಯಕ್ಷಿಕೆ ನೀಡುವ ಆ ದಿನಗಳಲ್ಲಿ ನಮ್ಮ ಪುಟಾಣಿಗಳ ಕೈಹಿಡಿದು ಅಲ್ಲಿಗೆ ಹೋಗೋಣ. ತನ್ನವರಲ್ಲದವರಿಗಾಗಿಯೂ ಉರಿಯೊಳಗೆ ನುಗ್ಗುವವರಿದ್ದಾರೆ ಎಂಬುದನ್ನು ಎಳೆಯ ವಯಸ್ಸಿನಲ್ಲೇ ಕಂಡ ಮಗು, ನಾಳೆ ಅನ್ಯರ ಕಷ್ಟಕ್ಕೆ ಓಡಿಬರುವ ಮನುಷ್ಯನಾಗಿ ಬೆಳೆಯಲಿ.