ಎರೆ ಭೂಮಿಯಲ್ಲಿ ನೀರು ಹಿಡಿದಿಡುವ ಖನಿಜ

ಬೆಳೆಗೆ ನೀರೇ ಜೀವಾಳವೆಂಬುದನ್ನು ರೈತ ಬಾಂಧವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಭೂಮಿಯಲ್ಲಿರುವ ನೀರೆಲ್ಲವೂ ಬೆಳೆಯ ಪಾಲಿಗೆ ಬರುವುದಿಲ್ಲ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. "ಅಗದ ನೋಡಿದ್ರ ಮಣ್ಣ ಹಸಿ ಐತ್ರಿ, ಆದ್ರೂ ಜ್ವಾಳ ಯಾಕ ಬಾಡಾಕತ್ತೈತಿ?" ಎಂದು ಎರೆ ಹೊಲದ ಒಕ್ಕಲಿಗರು ಹಿಂಗಾರಿನಲ್ಲಿ ಕೇಳುವುದುಂಟು. ಇದಕ್ಕೆ ಉತ್ತರ ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ಜಲಯುಕ್ತ ಖನಿಜದಲ್ಲಿದೆ. ಆ ಖನಿಜದ ಹೆಸರು ಮಾಂಟ್‌ಮೊರಿಲ್ಲೊನೈಟ್. ಅದರ ಗುಣಗಳನ್ನು ಅರಿತವರು ಮಳೆಯ ನೀರನ್ನೂ ಗೊಬ್ಬರದ ಹಣವನ್ನೂ ಉಳಿಸಬಲ್ಲರು. ಅರಿಯದೆ ಕೆಟ್ಟ ನೀರು ಹಾಯಿಸಿದರೆ ಮಕ್ಕಳ ಕಾಲಕ್ಕೆ ಉಳಿಯಬೇಕಾದ ಭೂಮಿ ಕೆಲವೇ ವರ್ಷಗಳಲ್ಲಿ ಸವಳಾಗಬಹುದು.

ಜಲಯುಕ್ತ ಖನಿಜ ಎಂದರೇನು?

ತನ್ನ ರಚನೆಯೊಳಗೇ ನೀರನ್ನು ಸೇರಿಸಿಕೊಂಡಿರುವ ಖನಿಜಕ್ಕೆ ಜಲಯುಕ್ತ ಖನಿಜವೆನ್ನುತ್ತಾರೆ. ನಿಮಗೆ ಪರಿಚಯವಿರುವ ಜಿಪ್ಸಂ ಇದಕ್ಕೆ ಒಳ್ಳೆಯ ಉದಾಹರಣೆ. ಕೈಗೆ ಒಣ ಪುಡಿಯಂತೆ ಹತ್ತಿದರೂ 100 ಕಿಲೋ ಶುದ್ಧ ಜಿಪ್ಸಂನಲ್ಲಿ ಸುಮಾರು 21 ಕಿಲೋ ನೀರು ಅಡಗಿದೆ. ಆದರೆ ಜಿಪ್ಸಂನಲ್ಲಿ ನೀರಿನ ಪ್ರಮಾಣ ನಿಗದಿಯಾದದ್ದು. ಮಾಂಟ್‌ಮೊರಿಲ್ಲೊನೈಟಿನ ವಿಶೇಷವೆಂದರೆ ಅದು ಮಳೆ ಬಂದಾಗ ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ನೀರು ಬಿಟ್ಟು ಕುಗ್ಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ದೊಡ್ಡ ಬಿರುಕುಗಳು ಬೀಳುವುದು ಇದೇ ಕಾರಣದಿಂದ.

ಈ ಖನಿಜ ಹೆಚ್ಚಾಗಿರುವ ಉಬ್ಬು-ಕುಗ್ಗಿನ ಕಪ್ಪು ಭೂಮಿ ಜಗತ್ತಿನಲ್ಲಿ ಸುಮಾರು 33 ಕೋಟಿ ಹೆಕ್ಟೇರ್ ಮಾತ್ರ. ಭೂಮಂಡಲದ ನೆಲದಲ್ಲಿ ಇದು ಶೇಕಡಾ 3ಕ್ಕಿಂತ ಕಡಿಮೆ. ಜಗತ್ತಿಗೆ ಅಪರೂಪವಾದ ಈ ಭೂಮಿ ನಮ್ಮ ಬಯಲುಸೀಮೆಯಲ್ಲಿ ಕಾಲ ಕೆಳಗೇ ಇದೆ.

ಸತ್ತೂರಿನ ಏರು ಮತ್ತು ತಗ್ಗು

ಹುಬ್ಬಳ್ಳಿ-ಧಾರವಾಡಗಳ ನಡುವೆ ಇರುವ ಸತ್ತೂರ ಭಾಗವು ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ಆರಂಭವಾಗುವ ಪ್ರದೇಶ. ಇಂತಹ ಕಡೆ ಮಸಾರಿ, ಎರೆ ಎರಡೂ ಮಣ್ಣುಗಳು ಸಮೀಪದಲ್ಲೇ ಸಿಗುತ್ತವೆ. ಇಲ್ಲಿನ ಮೂಲಶಿಲೆಗಳು ಬಹು ಪುರಾತನವಾದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಶಿಲಾವರ್ಗಕ್ಕೆ ಧಾರವಾಡದ ಹೆಸರನ್ನೇ ಇಟ್ಟರು.

ಶಿಲೆ ಒಂದೇ ಆದರೂ ಮಣ್ಣು ಎರಡಾದದ್ದು ಹೇಗೆ? ಏರು ಪ್ರದೇಶದಲ್ಲಿ ಮಳೆನೀರು ನಿಲ್ಲದೆ ಬಸಿದು ಹೋಗುತ್ತದೆ. ಅದರೊಡನೆ ಸುಣ್ಣ, ಮೆಗ್ನೀಶಿಯಂ, ಸಿಲಿಕಾ ಅಂಶಗಳೂ ತೊಳೆದು ಹೋಗುತ್ತವೆ. ಉಳಿದದ್ದರಲ್ಲಿ ಕೆಯೊಲಿನೈಟ್ ಎಂಬ ಉಬ್ಬದ ಖನಿಜ ಹೆಚ್ಚು. ಕಬ್ಬಿಣದ ಅಂಶದಿಂದ ಕೆಂಪು ಬಣ್ಣವೂ ಬರುತ್ತದೆ. ಇದೇ ಮಸಾರಿ. ತಗ್ಗಿನಲ್ಲಿ ನೀರು ನಿಧಾನವಾಗಿ ಇಳಿಯುತ್ತದೆ, ಮೇಲಿನಿಂದ ತೊಳೆದು ಬಂದ ಅಂಶಗಳು ಅಲ್ಲಿ ಸೇರುತ್ತವೆ. ಅಲ್ಲಿ ಮಾಂಟ್‌ಮೊರಿಲ್ಲೊನೈಟ್ ಹುಟ್ಟುತ್ತದೆ. ಇದೇ ಎರೆ.

ರಚನೆ ಮತ್ತು ಗುಣಗಳು

ಫ್ರಾನ್ಸ್ ದೇಶದ ಮಾಂಟ್‌ಮೊರಿಲ್ಲೊನ್ ಎಂಬ ಊರಿನ ಹತ್ತಿರ ದೊರೆತುದರಿಂದ 1847ರಲ್ಲಿ ಇದಕ್ಕೆ ಈ ಹೆಸರು ಬಂತು. ಕ್ಷ-ಕಿರಣಗಳ ಸಹಾಯದಿಂದ ಇದರ ಒಳರಚನೆಯನ್ನು ವಿಜ್ಞಾನಿಗಳು 1933ರಲ್ಲಿ ವಿವರಿಸಿದರು. ಎರಡು ರೊಟ್ಟಿಗಳ ನಡುವೆ ಪಲ್ಯ ಇಟ್ಟಂತೆ, ಎರಡು ಸಿಲಿಕಾ ಹಾಳೆಗಳ ನಡುವೆ ಒಂದು ಅಲ್ಯೂಮಿನಾ ಹಾಳೆ ಸೇರಿ ಒಂದು ಪದರಾಗುತ್ತದೆ. ಇಂತಹ ಪದರುಗಳು ಒಂದರ ಮೇಲೊಂದು ಒಟ್ಟಿಕೊಂಡಿರುತ್ತವೆ. ಪದರು ಪದರಿನ ನಡುವಿನ ಬಂಧ ಸಡಿಲವಾಗಿರುವುದರಿಂದ ನೀರು ಒಳಹೊಗುತ್ತದೆ.

ಒಣಗಿದಾಗ ಒಂದು ಪದರಿನಿಂದ ಇನ್ನೊಂದಕ್ಕೆ ಇರುವ ಅಂತರ ಸುಮಾರು 10 ಆಂಗ್‌ಸ್ಟ್ರಾಂ. ಒಂದು ಸೆಂಟಿಮೀಟರನ್ನು 10 ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಆಂಗ್‌ಸ್ಟ್ರಾಂ. ಒಂದು ಹಾಸು ನೀರು ಒಳಹೊಕ್ಕಾಗ ಈ ಅಂತರ ಸುಮಾರು 12.5ಕ್ಕೂ, ಎರಡು ಹಾಸು ಹೊಕ್ಕಾಗ ಸುಮಾರು 15ಕ್ಕೂ ಏರುತ್ತದೆ. ಕೆಯೊಲಿನೈಟಿನ ಪದರುಗಳು ಬಿಗಿಯಾಗಿರುವುದರಿಂದ ಅಲ್ಲಿ ನೀರಿಗೆ ಎಡೆಯಿಲ್ಲ.

ಈ ಖನಿಜದ ಇನ್ನೆರಡು ಗುಣಗಳನ್ನು ಗಮನಿಸಬೇಕು.

1. ಮೇಲ್ಮೈ: ಒಂದು ಗ್ರಾಂ ಮಾಂಟ್‌ಮೊರಿಲ್ಲೊನೈಟಿನ ಪದರುಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 750 ಚದರ ಮೀಟರ್ ಆಗುತ್ತದೆ. ಅಂದರೆ ಐದೂವರೆ ಗ್ರಾಂ ಖನಿಜ ಒಂದು ಎಕರೆ ನೆಲದಷ್ಟು ಹರಡೀತು!

2. ಪೋಷಕಾಂಶ ಹಿಡಿಯುವ ಶಕ್ತಿ: ಇದರ ಪದರುಗಳಲ್ಲಿ ಋಣ ವಿದ್ಯುದಂಶವಿರುವುದರಿಂದ ಕ್ಯಾಲ್ಸಿಯಂ, ಮೆಗ್ನೀಶಿಯಂ, ಪೊಟ್ಯಾಶ್, ಅಮೋನಿಯಂಗಳನ್ನು ಹಿಡಿದಿಟ್ಟು ಬೇರಿಗೆ ಒದಗಿಸುತ್ತದೆ. ಈ ವಿನಿಮಯ ಸಾಮರ್ಥ್ಯ 100 ಗ್ರಾಂ ಖನಿಜಕ್ಕೆ 80ರಿಂದ 120 ಮಿಲಿ ಈಕ್ವಿವಲೆಂಟ್. ಕೆಯೊಲಿನೈಟಿನಲ್ಲಿ ಇದು 3ರಿಂದ 15 ಮಾತ್ರ. ಮಸಾರಿಗೆ ಹಾಕಿದ ಗೊಬ್ಬರ ಬೇಗ ತೊಳೆದು ಹೋಗಲು ಇದೂ ಒಂದು ಕಾರಣ.

ವರ್ಗೀಕರಣ

ಜೇಡಿ ಖನಿಜಗಳನ್ನು ಹಾಳೆಗಳ ಜೋಡಣೆಯ ಮೇಲೆ ವಿಂಗಡಿಸುತ್ತಾರೆ. ಒಂದು ಸಿಲಿಕಾ, ಒಂದು ಅಲ್ಯೂಮಿನಾ ಹಾಳೆ ಸೇರಿದ್ದು 1:1 ವರ್ಗ. ಕೆಯೊಲಿನೈಟ್ ಇದರಲ್ಲಿ ಬರುತ್ತದೆ. ಎರಡು ಸಿಲಿಕಾ ಹಾಳೆಗಳ ನಡುವೆ ಇನ್ನೊಂದು ಹಾಳೆ ಇದ್ದರೆ 2:1 ವರ್ಗ. ಈ ವರ್ಗದಲ್ಲಿ ಪೊಟ್ಯಾಶಿಯಂನಿಂದ ಬಿಗಿಯಾಗಿ ಬೆಸೆದುಕೊಂಡ ಇಲೈಟ್, ಮಿತವಾಗಿ ಉಬ್ಬುವ ವರ್ಮಿಕ್ಯುಲೈಟ್, ಬಹಳ ಉಬ್ಬುವ ಸ್ಮೆಕ್ಟೈಟ್ ಎಂಬ ಗುಂಪುಗಳಿವೆ.

ಮಾಂಟ್‌ಮೊರಿಲ್ಲೊನೈಟ್ ಸ್ಮೆಕ್ಟೈಟ್ ಗುಂಪಿನದು. ನಡುವಿನ ಹಾಳೆಯಲ್ಲಿ ಅಲ್ಯೂಮಿನಿಯಂ ಪ್ರಧಾನವಾದವು ಮಾಂಟ್‌ಮೊರಿಲ್ಲೊನೈಟ್ ಮತ್ತು ಬೈಡಲೈಟ್. ಕಬ್ಬಿಣ ಪ್ರಧಾನವಾದದ್ದು ನಾಂಟ್ರೊನೈಟ್. ಮೆಗ್ನೀಶಿಯಂ ಪ್ರಧಾನವಾದದ್ದು ಸ್ಯಾಪೊನೈಟ್. ಮೆಗ್ನೀಶಿಯಂ ಜೊತೆಗೆ ಲಿಥಿಯಂ ಸೇರಿದ ಹೆಕ್ಟೊರೈಟ್ ನಿಜಕ್ಕೂ ಅಪರೂಪದ್ದು. ಅಮೆರಿಕದ ಕ್ಯಾಲಿಫೋರ್ನಿಯಾದ ಹೆಕ್ಟರ್ ಎಂಬ ಊರಿನಿಂದ ಅದಕ್ಕೆ ಹೆಸರು ಬಂದಿದೆ. ಹಳೆಯ ಮಣ್ಣು ವರದಿಗಳಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂದು ಬರೆದದ್ದನ್ನೇ ಈಗಿನ ವರದಿಗಳಲ್ಲಿ ಸ್ಮೆಕ್ಟೈಟ್ ಎಂಬ ಗುಂಪಿನ ಹೆಸರಿನಿಂದ ಬರೆಯುವುದುಂಟು. ಗಲಿಬಿಲಿಗೊಳ್ಳಬೇಕಾಗಿಲ್ಲ.

ಬಿರುಕು ಬಿಡುವ ಆಳವಾದ ಎರೆ ಮಣ್ಣಿಗೆ ವರ್ಟಿಸಾಲ್ ಎಂಬ ವರ್ಗನಾಮವಿದೆ. ತಿರುವಿ ಹಾಕು ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಬಂದಿದೆ. ಮೇಲಿನ ಮಣ್ಣು ಬಿರುಕಿನಲ್ಲಿ ಬಿದ್ದು, ಒದ್ದೆಯಾದಾಗ ಉಬ್ಬಿ, ಭೂಮಿ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ ಎಂಬುದು ಇದರ ಭಾವ.

ಹಸಿ ಇದ್ದರೂ ಬೆಳೆ ಬಾಡುವುದೇಕೆ?

ಈ ಖನಿಜದಲ್ಲಿ ನೀರು ಮೂರು ಬಗೆಯಲ್ಲಿದೆ. ಮೊದಲನೆಯದು ಹಾಳೆಗಳ ರಚನೆಯಲ್ಲೇ ಬೆರೆತದ್ದು. 600ರಿಂದ 700 ಡಿಗ್ರಿ ಸೆಂಟಿಗ್ರೇಡ್ ಕಾಯಿಸಿದರಷ್ಟೇ ಅದು ಹೊರಬರುತ್ತದೆ. ಎರಡನೆಯದು ಪದರುಗಳ ನಡುವೆ ಮತ್ತು ಕಣಗಳ ಮೈಗೆ ಬಿಗಿಯಾಗಿ ಅಂಟಿದ್ದು. ಮೂರನೆಯದು ಕಣಗಳ ನಡುವಿನ ಸಣ್ಣ ರಂಧ್ರಗಳಲ್ಲಿ ಇರುವುದು. ಬೇರಿಗೆ ದಕ್ಕುವುದು ಹೆಚ್ಚಾಗಿ ಈ ಮೂರನೆಯದೇ.

ಒಂದು ಲೆಕ್ಕ ನೋಡಿ. ಚೆನ್ನಾಗಿ ನೆನೆದು ಬಸಿದ 100 ಕಿಲೋ ಎರೆ ಮಣ್ಣಿನಲ್ಲಿ 38 ಕಿಲೋ ನೀರಿದೆ ಎನ್ನೋಣ. ಅದು ಸುಮಾರು 22 ಕಿಲೋಗೆ ಇಳಿಯುವ ಹೊತ್ತಿಗೆ ಬೆಳೆ ಬಾಡುತ್ತದೆ. ಮಸಾರಿಯಲ್ಲಾದರೆ ನೆನೆದಾಗ 15 ಕಿಲೋ, ಬಾಡುವಾಗ 7 ಕಿಲೋ. ಬಾಡುವ ಹೊತ್ತಿನಲ್ಲೂ ಎರೆಯಲ್ಲಿ 22 ಕಿಲೋ ನೀರು ಇರುವುದರಿಂದ ಮಣ್ಣು ಕೈಗೆ ಹಸಿಯಾಗಿಯೇ ಹತ್ತುತ್ತದೆ. ಆದರೆ ಆ ನೀರು ಖನಿಜದ ಹಿಡಿತದಲ್ಲಿದೆ, ಬೇರಿಗೆ ಸಿಗದು.

ಇದೇ ಲೆಕ್ಕದಂತೆ, ಪೂರ್ತಿ ಒಣಗಿದ ಭೂಮಿಗೆ 10 ಮಿ.ಮೀ. ಮಳೆ ಬಿದ್ದರೆ ಎರೆಯಲ್ಲಿ ಮಸಾರಿಯ ಸುಮಾರು ಅರ್ಧದಷ್ಟು ಆಳ ಮಾತ್ರ ನೆನೆಯುತ್ತದೆ. ಸಣ್ಣ ಮಳೆ ನಂಬಿ ಒಣ ಎರೆಯಲ್ಲಿ ಬಿತ್ತಿದ ಬೀಜ ಮೊಳೆತು ಸಾಯುವುದು ಇದರಿಂದಲೇ. ಆದರೆ ದೊಡ್ಡ ಮಳೆಯಲ್ಲಿ ಎರೆಯದೇ ಮೇಲುಗೈ: ಒಂದು ಮೀಟರ್ ಆಳದ ಎರೆ ಬೆಳೆಗೆ ದಕ್ಕುವ 19 ಸೆಂ.ಮೀ. ನೀರನ್ನು ಕೂಡಿಡಬಲ್ಲದು. ಅಷ್ಟೇ ಆಳದ ಮಸಾರಿಯಲ್ಲಿ ಇದು 12 ಸೆಂ.ಮೀ. ಹಿಂಗಾರಿ ಜೋಳ, ಕಡಲೆ, ಕುಸುಬೆಗಳು ಮಳೆಯಿಲ್ಲದೆಯೂ ಬರುವುದು ಈ ಕೂಡಿಟ್ಟ ನೀರಿನ ಬಲದಿಂದ.

ಕ್ಯಾಲ್ಸಿಯಂ ಎರೆ, ಸೋಡಿಯಂ ಎರೆ

ಪದರುಗಳ ನಡುವೆ ಕ್ಯಾಲ್ಸಿಯಂ ಇದ್ದಷ್ಟು ಕಾಲ ಈ ಖನಿಜ ಮಿತಿಯಲ್ಲಿ ಉಬ್ಬುತ್ತದೆ, ಕಣಗಳು ಹರಳುಗಟ್ಟಿ ನಿಲ್ಲುತ್ತವೆ. ಸೋಡಿಯಂ ಹೊಕ್ಕರೆ ಪದರುಗಳು ಒಂದನ್ನೊಂದು ಬಿಟ್ಟು ನೀರಿನಲ್ಲಿ ಹಾಲಿನಂತೆ ಚದುರುತ್ತವೆ. ರಂಧ್ರಗಳು ಮುಚ್ಚಿ, ನೀರು ಇಳಿಯದೆ, ಗಾಳಿಯಾಡದೆ ಬೇರು ಕೊಳೆಯುತ್ತದೆ. ಒಣಗಿದರೆ ನೆಲ ಕಲ್ಲಾಗುತ್ತದೆ. ವಿನಿಮಯ ಸೋಡಿಯಂ ಶೇಕಡಾ 15 ಮೀರಿದರೆ ಕ್ಷಾರ ಭೂಮಿ ಎನ್ನುವುದು ರೂಢಿ. ಆದರೆ ಎರೆ ಮಣ್ಣಿನಲ್ಲಿ ಅದಕ್ಕಿಂತ ಬಹಳ ಮೊದಲೇ ಕೆಡುಕು ತಲೆದೋರುತ್ತದೆ.

ಸೋಡಿಯಂ ಬರುವ ದಾರಿ ಹೆಚ್ಚಾಗಿ ಕೊಳವೆಬಾವಿಯ ನೀರು. ನೀರಿನ ಪರೀಕ್ಷೆಯಲ್ಲಿ ಉಳಿಕೆ ಸೋಡಿಯಂ ಕಾರ್ಬೊನೇಟ್ ಲೀಟರಿಗೆ 1.25 ಮಿಲಿ ಈಕ್ವಿವಲೆಂಟ್‌ಗಿಂತ ಕಡಿಮೆಯಿದ್ದರೆ ಭಯವಿಲ್ಲ. 2.5 ಮೀರಿದರೆ ಆ ನೀರು ಎರೆ ಹೊಲಕ್ಕೆ ಸಲ್ಲದು.

ಕೆಟ್ಟ ಮೇಲೆ ಸರಿಪಡಿಸುವುದು ಎಷ್ಟು ದುಬಾರಿ ಎಂಬುದನ್ನೂ ತಿಳಿಯಿರಿ. ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನಲ್ಲಿ 100 ಗ್ರಾಂಗೆ 1 ಮಿಲಿ ಈಕ್ವಿವಲೆಂಟ್‌ನಂತೆ ಸೋಡಿಯಂ ಹೊರಹಾಕಲು ಸುಮಾರು 7 ಕ್ವಿಂಟಾಲ್ ಶುದ್ಧ ಜಿಪ್ಸಂ ಬೇಕು. ವಿನಿಮಯ ಸಾಮರ್ಥ್ಯ 50 ಇರುವ ಮಣ್ಣಿನಲ್ಲಿ ಸೋಡಿಯಂ ಶೇಕಡಾ 15ರಿಂದ 5ಕ್ಕೆ ಇಳಿಯಬೇಕಾದರೆ ಎಕರೆಗೆ 35 ಕ್ವಿಂಟಾಲ್ ಆಯಿತು! ಜೊತೆಗೆ ಬಸಿಗಾಲುವೆಯೂ ಬೇಕು. ಇಲ್ಲದಿದ್ದರೆ ಬಿಡುಗಡೆಯಾದ ಸೋಡಿಯಂ ಹೊಲದಲ್ಲೇ ಉಳಿಯುತ್ತದೆ.

ನೀವೇ ಮಾಡಬಹುದಾದ ಎರಡು ಪರೀಕ್ಷೆಗಳು

ಉಬ್ಬುವಿಕೆಯ ಪರೀಕ್ಷೆ: ಒಣ ಮಣ್ಣನ್ನು ಪುಡಿಮಾಡಿ ನಯವಾದ ಜರಡಿ ಹಿಡಿಯಿರಿ. ಒಂದೇ ಅಳತೆಯ ಎರಡು ಗಾಜಿನ ನಳಿಗೆಗಳಲ್ಲಿ ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಎರಡಕ್ಕೂ 10 ಗ್ರಾಂ ಮಣ್ಣು ಹಾಕಿ 24 ಗಂಟೆ ಬಿಡಿ. ಸೀಮೆಎಣ್ಣೆ ಈ ಖನಿಜವನ್ನು ಉಬ್ಬಿಸುವುದಿಲ್ಲ. ನೀರಿನ ನಳಿಗೆಯಲ್ಲಿ ಮಣ್ಣಿನ ಮಟ್ಟ ಎಷ್ಟು ಹೆಚ್ಚಿದೆಯೋ ಅಷ್ಟು ಉಬ್ಬುವ ಖನಿಜ ನಿಮ್ಮ ಹೊಲದಲ್ಲಿದೆ.

ಹೆಂಟೆಯ ಪರೀಕ್ಷೆ: ಗಾಜಿನ ಲೋಟದಲ್ಲಿ ಮಳೆನೀರು ತೆಗೆದುಕೊಂಡು, ಕಡಲೆಕಾಳಿನಷ್ಟು ಒಣ ಹೆಂಟೆಯನ್ನು ಮೆಲ್ಲನೆ ಬಿಡಿ. ಕದಡಬೇಡಿ. ಒಂದು ದಿನದ ನಂತರ ಹೆಂಟೆ ಒಡೆದು ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಹೆಂಟೆಯ ಸುತ್ತ ಹಾಲಿನಂತಹ ಮಬ್ಬು ಹರಡಿದ್ದರೆ ಸೋಡಿಯಂ ಹೊಕ್ಕಿದೆ ಎಂಬ ಸಂದೇಹ ಬಲವಾಗುತ್ತದೆ. ಕೊಳವೆಬಾವಿಯ ನೀರು ಬಳಸಬಾರದು. ಅದರ ಲವಣಗಳು ದೋಷವನ್ನು ಮರೆಮಾಡುತ್ತವೆ.

ಹೊಲದಲ್ಲಿ ಅನುಸರಿಸಬೇಕಾದ ಕ್ರಮಗಳು

1. ಎರೆ ಹೊಲದಲ್ಲಿ ಮುಂಗಾರಿಗೇ ಚೌಕು ಮಡಿ ಅಥವಾ ದಿಂಡು-ಸಾಲು ಮಾಡಿ. ದೊಡ್ಡ ಮಳೆಯ ನೀರು ಹರಿದು ಹೋಗದೆ ಆಳಕ್ಕೆ ಇಳಿಯಲಿ.

2. ಹಿಂಗಾರು ಬಿತ್ತುವ ಮೊದಲು ಮೇಲಿನ ಹಸಿಯನ್ನಷ್ಟೇ ನಂಬದೆ ಒಂದು ಮೊಳ ಅಗೆದು ನೋಡಿ. ಆಳದವರೆಗೆ ನೆನೆದಿದ್ದರೆ ಮಾತ್ರ ಕೂರಿಗೆ ಹೂಡಿ.

3. ಬಿರುಕು ಬೀಳಲು ಆರಂಭಿಸಿದೊಡನೆ ಎಡೆಕುಂಟೆ ಹೊಡೆದು ಬಾಯಿ ಮುಚ್ಚಿ. ಬಿರುಕಿನ ಗೋಡೆಗಳಿಂದ ಆಳದ ಹಸಿಯೂ ಆರಿಹೋಗುತ್ತದೆ.

4. ಕೆರೆಯ ಹೂಳನ್ನು ಮಸಾರಿ ಹೊಲಕ್ಕೆ ಹಾಕಿ. ಅಲ್ಲಿ ಇಲ್ಲದ ನೀರು ಹಿಡಿಯುವ ಖನಿಜವನ್ನು ಕೊಟ್ಟಂತಾಗುತ್ತದೆ. ಆದರೆ ಹೂಳಿಗೂ ಮೊದಲು ಹೆಂಟೆಯ ಪರೀಕ್ಷೆ ಮಾಡಿ. ಎರೆ ಹೊಲಕ್ಕೆ ಹೂಳು ಹೊರುವುದು ವ್ಯರ್ಥ ಖರ್ಚು.

5. ಎರೆಗೆ ತಿಪ್ಪೆಗೊಬ್ಬರ ತಪ್ಪಿಸಬೇಡಿ. ಅದು ಕಳಿಯುವಾಗ ಹುಟ್ಟುವ ಆಮ್ಲಗಳು ಮಣ್ಣಿನಲ್ಲಿರುವ ಸುಣ್ಣದ ಹರಳುಗಳನ್ನು ಕರಗಿಸಿ ಕ್ಯಾಲ್ಸಿಯಂ ಒದಗಿಸುತ್ತವೆ.

6. ಕೃಷಿ ಹೊಂಡದ ತಳದಲ್ಲಿ ನೀರು ಇಂಗುತ್ತಿದ್ದರೆ ಬೆಂಟೊನೈಟ್ ಪುಡಿ ಬಳಸಬಹುದು. ಅದು ಸೋಡಿಯಂ ತುಂಬಿದ ಮಾಂಟ್‌ಮೊರಿಲ್ಲೊನೈಟೇ. ಗುಜರಾತಿನ ಕಛ್, ರಾಜಸ್ಥಾನದ ಬಾಡಮೇರ್ ಕಡೆ ಸಿಗುತ್ತದೆ. ಹೊಲಕ್ಕೆ ಕೆಡುಕಾದದ್ದು ಹೊಂಡಕ್ಕೆ ಗುಣವಾಯಿತು.

ಕೊಳವೆಬಾವಿ ಕೊರೆಸಲು ಲಕ್ಷಗಟ್ಟಲೆ ಹಣ ಹಾಕುವ ನಾವು ಆ ನೀರಿನ ಪರೀಕ್ಷೆಯನ್ನು ಮುಂದೂಡುತ್ತೇವೆ. ಹೊಸ ನೀರನ್ನು ಎರೆ ಹೊಲಕ್ಕೆ ತಿರುಗಿಸುವ ಮೊದಲು ಒಂದು ಬಾಟಲಿ ನೀರು, ಅರ್ಧ ಕಿಲೋ ಮಣ್ಣನ್ನು ಸಮೀಪದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಂಡೊಯ್ಯಿರಿ. ವರದಿಯಲ್ಲಿ ರಸಸಾರ, ವಿನಿಮಯ ಸೋಡಿಯಂ, ಉಳಿಕೆ ಸೋಡಿಯಂ ಕಾರ್ಬೊನೇಟ್ ಈ ಮೂರನ್ನು ಕೇಳಿ ಬರೆಸಿಕೊಳ್ಳಿ. ಎರೆಯ ಖನಿಜ ಉಪಕಾರಿಯಾಗುವುದೂ ಅಪಕಾರಿಯಾಗುವುದೂ ಅದಕ್ಕೆ ನೀವು ಕುಡಿಸುವ ನೀರಿನ ಮೇಲೆ ನಿಂತಿದೆ.